ಇಲಿಯ ಎದೆ, ನೇಕಾರನ ಎದೆ

ಸಸ್ಯಗಳಿಂದ ತೆಗೆದ ರಾಸಾಯನಿಕಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಒಂದು ಪದ ಕಂಡರೆ ಸಿಟ್ಟು ಬರುತ್ತದೆ: 'ಹೃದಯರಕ್ಷಕ'. ನಮ್ಮ ಕ್ಷೇತ್ರದಲ್ಲಿ ಈ ಪದ ಹುಟ್ಟುವ ರೀತಿ ಹೀಗಿದೆ. ಇಲಿಗೆ ಕೆಲವು ದಿನ ಯಾವುದೋ ಎಲೆಯ ಸಾರ ಕುಡಿಸುತ್ತಾರೆ. ಆಮೇಲೆ ಐಸೊಪ್ರೊಟೆರೆನಾಲ್ ಚುಚ್ಚಿ ಅದರ ಹೃದಯಕ್ಕೆ ಪೆಟ್ಟು ಮಾಡುತ್ತಾರೆ. ಪೆಟ್ಟು ಸ್ವಲ್ಪ ಕಡಿಮೆಯಾದರೆ ಸಾಕು, ಪ್ರಬಂಧದ ಶೀರ್ಷಿಕೆಯಲ್ಲಿ ಆ ಪದ ಬಂದು ಕೂರುತ್ತದೆ. ಆ ಇಲಿಗೆ ಇಪ್ಪತ್ತು ವರ್ಷದ ಬಿ.ಪಿ. ಇರಲಿಲ್ಲ, ಅದು ಬೀಡಿ ಸೇದುತ್ತಿರಲಿಲ್ಲ ಎಂಬುದು ಶೀರ್ಷಿಕೆಯಲ್ಲಿ ಇರುವುದಿಲ್ಲ. ಅಲ್ಲಿಂದ ಪದ ಪುಡಿ ಡಬ್ಬಿಯ ಮೇಲೇರಿ ಚಳ್ಳಕೆರೆಯ ಅಂಗಡಿಗೂ ಮೊಳಕಾಲ್ಮುರಿನ ಮಗ್ಗದ ಮನೆಗೂ ಬರುತ್ತದೆ.

ನಮ್ಮ ಶೇಂಗಾವನ್ನೇ ತೆಗೆದುಕೊಳ್ಳಿ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು ಎನ್ನಿಸಿಕೊಂಡದ್ದೇ ಇದರಿಂದ. ಇದರಲ್ಲಿ ರೆಸ್ವೆರಟ್ರಾಲ್ ಎಂಬ ವಸ್ತುವಿದೆ. ಬೂಷ್ಟು ತಗುಲಿದಾಗ, ಗಾಯವಾದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸುವ ವಸ್ತು ಅದು. ದ್ರಾಕ್ಷಿಯಲ್ಲೂ ಕೆಂಪು ವೈನಿನಲ್ಲೂ ಇದೆ. ಅಷ್ಟು ಬೆಣ್ಣೆ ತಿಂದೂ ಫ್ರೆಂಚರಿಗೆ ಹೃದಯಾಘಾತ ಕಡಿಮೆ ಏಕೆ ಎಂಬ ಪ್ರಶ್ನೆಗೆ 1990ರ ದಶಕದಲ್ಲಿ ಇದನ್ನೇ ಉತ್ತರವೆಂದು ಹೊತ್ತು ಮೆರೆಸಲಾಯಿತು. 2012ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯ, ಇದರ ಮೇಲೆ ಹೆಸರು ಮಾಡಿದ್ದ ತನ್ನದೇ ಸಂಶೋಧಕ ದೀಪಕ್ ದಾಸ್ ಅವರ ಕೆಲಸದಲ್ಲಿ ದತ್ತಾಂಶ ತಿರುಚಿದ 145 ನಿದರ್ಶನಗಳಿವೆ ಎಂದು ಹೇಳಿತು. ದಾಸ್ ಅದನ್ನು ಅಲ್ಲಗಳೆದರು. 2014ರಲ್ಲಿ ಇಟಲಿಯ ಕಿಯಾಂಟಿ ಪ್ರದೇಶದ 783 ಹಿರಿಯರ ಅಧ್ಯಯನ ಬಂತು. ಊಟದಿಂದ ರೆಸ್ವೆರಟ್ರಾಲ್ ಹೆಚ್ಚು ಸಿಕ್ಕವರಿಗೂ ಕಡಿಮೆ ಸಿಕ್ಕವರಿಗೂ ಹೃದ್ರೋಗದಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಲೆಕ್ಕವನ್ನೂ ಹಾಕೋಣ. ಒಂದು ಕಿಲೋ ಶೇಂಗಾ ಬೀಜದಲ್ಲಿ ಇದು ಹೆಚ್ಚೆಂದರೆ 2 ಮಿಲಿಗ್ರಾಂ ಆಸುಪಾಸು. 500 ಮಿಲಿಗ್ರಾಮಿನ ಒಂದು ಗುಳಿಗೆಗೆ ಸಮವಾಗಬೇಕಾದರೆ ಎರಡೂವರೆ ಕ್ವಿಂಟಾಲ್ ಬೀಜ ತಿನ್ನಬೇಕು!

ಹಾಗಾದರೆ ಶೇಂಗಾ ತಿನ್ನುವುದು ದಂಡವೇ? ಖಂಡಿತ ಅಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳು ಮತ್ತು ಶಾಂಘೈನ ಎರಡು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಶೇಂಗಾ, ಬಾದಾಮಿಯಂಥ ಬೀಜ ಹೆಚ್ಚು ತಿನ್ನುವವರಲ್ಲಿ ಹೃದ್ರೋಗದ ಸಾವು ಕಡಿಮೆಯಿತ್ತು. ಇದು ಬೀಜದಿಂದಲೇ ಆಯಿತೆಂದು ಸಾಬೀತಾಗುವುದಿಲ್ಲ, ನಿಜ. ಆದರೆ ಅಲ್ಲಿದ್ದವರು ಮನುಷ್ಯರು, ಅವರು ತಿಂದದ್ದು ಗುಳಿಗೆಯಲ್ಲ, ಇಡೀ ಬೀಜ.

ಗಿಡದಿಂದ ಹೃದಯದ ಔಷಧಿ ಬರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ ಫಾಕ್ಸ್‌ಗ್ಲೋವ್ ಎಂಬ ಹೂಗಿಡದ ಬಗ್ಗೆ 1785ರಲ್ಲಿ ಪುಸ್ತಕ ಬರೆದ. ತನ್ನ ರೋಗಿಗಳಿಗೆ ಎಷ್ಟು ಕೊಟ್ಟೆ, ಏನಾಯಿತು ಎಂದು ಒಬ್ಬೊಬ್ಬರದನ್ನೂ ದಾಖಲಿಸಿದ. ಅದೇ ಕುಲದ ಗಿಡದಿಂದ ಬಂದ ಡಿಗಾಕ್ಸಿನ್ ಇಂದಿಗೂ ಬಳಕೆಯಲ್ಲಿದೆ. ಅದೇ ಗುಂಪಿನ ವಸ್ತು ನಮ್ಮ ಕಣಗಿಲೆಯಲ್ಲೂ ಇದೆ. ಅದನ್ನು ತಿಂದವರ ಹೃದಯ ನಿಂತೇ ಹೋಗಬಹುದು. 'ಸೊಪ್ಪು ತಾನೇ, ಏನೂ ಆಗಲ್ಲ' ಎನ್ನುವವರು ಬೇಲಿಯ ಕಣಗಿಲೆಯನ್ನು ಒಮ್ಮೆ ನೆನೆಯಬೇಕು.

'ಎಲ್ಲ ಔಷಧಿಯೂ ಇಲಿಯಿಂದಲೇ ಅಲ್ಲವೇನಪ್ಪ ಶುರುವಾಗುವುದು?' ಎಂದು ಹಿರಿಯರು ಕೇಳುತ್ತಾರೆ. ಶುರುವಾಗಲಿ ಸರ್. ಅಲ್ಲಿಗೇ ಮುಗಿಸಿ, ಮನುಷ್ಯರ ಎದೆಯ ಮಾತಾಡುವುದು ಮೋಸ. ಬಿ.ಪಿ. ಏರಿದರೆ ನೋಯುವುದಿಲ್ಲ. ಹಾಗಾಗಿ ಮಗ್ಗದ ಗುಂಡಿಯಲ್ಲಿ ದಿನವಿಡೀ ಕೂರುವ ನೇಕಾರ ಮಾತ್ರೆ ಬಿಟ್ಟು ಪುಡಿ ಹಿಡಿದರೆ, ಪುಡಿ ಕೆಲಸ ಮಾಡುತ್ತಿದೆ ಎಂದೇ ನಂಬುತ್ತಾನೆ, ಪಾರ್ಶ್ವವಾಯು ಹೊಡೆಯುವ ದಿನದವರೆಗೆ.

ನನ್ನ ಬೇಡಿಕೆ ಸಣ್ಣದು. ಇಲಿಯ ಮೇಲೆ ಮಾಡಿದ ಪ್ರತಿ ಪ್ರಬಂಧದ ಶೀರ್ಷಿಕೆಯಲ್ಲೂ 'ಇಲಿಯಲ್ಲಿ' ಎಂಬ ಪದ ಕಡ್ಡಾಯವಾಗಲಿ. ಆ ಒಂದು ಪದ ಸೇರಿಸಿದರೆ ಎಷ್ಟು ಡಬ್ಬಿಗಳು ಮಾರಾಟವಾಗುತ್ತವೋ ನೋಡೋಣ.