ಚಿಕ್ಕ ರಾಜ್ಯದ ಪ್ರಧಾನಮಂತ್ರಿ

ರಾಜ್ಯವು ಚಿಕ್ಕದಾದರೆ ಅದನ್ನು ಆಳುವ ಕಾರ್ಯವೂ ಚಿಕ್ಕದೆಂದು ನಾವು ಸಾಮಾನ್ಯವಾಗಿ ಎಣಿಸುವೆವು. ಹತ್ತು ಮಂದಿಯ ಸಂಸಾರವನ್ನು ತೂಗಿಸುವವಳಿಗಿಂತ ಮೂವರ ಸಂಸಾರವನ್ನು ತೂಗಿಸುವವಳಿಗೆ ಶ್ರಮ ಕಡಿಮೆಯಲ್ಲವೇ ಎಂದು ಕೇಳುವವರುಂಟು. ಶ್ರಮದ ಮಾತು ಹೇಗೇ ಇರಲಿ, ಅಧಿಕಾರದ ವಿಷಯದಲ್ಲಿ ಈ ಎಣಿಕೆಯು ತಪ್ಪು. ದೊಡ್ಡ ದೇಶದಲ್ಲಿ ಪ್ರಧಾನಮಂತ್ರಿಯ ಕೈಯನ್ನು ತಡೆಯಲು ಪ್ರಾಂತ್ಯಗಳ ಸರಕಾರಗಳೂ, ನೂರಾರು ಸದಸ್ಯರುಳ್ಳ ಸಭೆಗಳೂ, ಹಲವು ಪತ್ರಿಕೆಗಳೂ ಇರುವುವು. ಚಿಕ್ಕ ದೇಶದಲ್ಲಿ ಇವೆಲ್ಲವೂ ವಿರಳ. ಆದುದರಿಂದ ರಾಜ್ಯವು ಚಿಕ್ಕದಾದಷ್ಟೂ ಪ್ರಧಾನಮಂತ್ರಿಯನ್ನು ಪ್ರಶ್ನಿಸಬಲ್ಲ ಜನರ ಅವಶ್ಯಕತೆಯು ದೊಡ್ಡದಾಗುವುದೆಂಬುದೇ ಈ ಲೇಖನದ ಅಭಿಪ್ರಾಯ.

ಇದಕ್ಕೆ ಡೊಮಿನಿಕಾ ದ್ವೀಪವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಡೊಮಿನಿಕನ್ ಗಣರಾಜ್ಯವೆಂಬ ದೇಶವೇ ಬೇರೆ, ಇದೇ ಬೇರೆ. ಇದು ಕೆರಿಬಿಯನ್ ಸಮುದ್ರದಲ್ಲಿರುವ, ಸುಮಾರು ೨೯೦ ಚದರ ಮೈಲಿ ವಿಸ್ತೀರ್ಣದ, ಸುಮಾರು ೭೦,೦೦೦ ಜನರುಳ್ಳ, ಬೆಟ್ಟಗಾಡುಗಳಿಂದ ತುಂಬಿದ ದ್ವೀಪ. ೧೯೭೮ನೆಯ ನವೆಂಬರು ೩ರಂದು ಇಂಗ್ಲೆಂಡಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿ ಗಣರಾಜ್ಯವಾಯಿತು. ಅಲ್ಲಿಯ ಶಾಸನಸಭೆಗೆ ಜನರು ಆರಿಸುವವರು ೨೧ ಮಂದಿ. ಅವರೊಡನೆ ಒಂಬತ್ತು ಮಂದಿ ಸೆನೆಟರುಗಳು ಒಂದೇ ಸಭೆಯಲ್ಲಿ ಕುಳಿತುಕೊಳ್ಳುವರು. ರಾಷ್ಟ್ರಾಧ್ಯಕ್ಷರನ್ನು ಜನರು ನೇರವಾಗಿ ಆರಿಸುವುದಿಲ್ಲ. ಪ್ರಧಾನಮಂತ್ರಿಯೂ ವಿರೋಧಪಕ್ಷದ ಮುಖಂಡರೂ ಒಂದು ಹೆಸರಿಗೆ ಒಪ್ಪಿದರೆ ಅವರೇ ಅಧ್ಯಕ್ಷರು. ಒಪ್ಪದಿದ್ದರೆ ಸಭೆಯು ಗುಪ್ತಮತದಿಂದ ಆರಿಸುವುದು. ಅಧ್ಯಕ್ಷರ ಪದವಿಯು ಗೌರವದ್ದು. ಆಡಳಿತದ ಚುಕ್ಕಾಣಿಯು ಪ್ರಧಾನಮಂತ್ರಿಯ ಕೈಯಲ್ಲಿರುವುದು. ಆರಿಸಿಬಂದ ಸದಸ್ಯರಲ್ಲಿ ಬಹುಮತದವರ ಬೆಂಬಲವು ಯಾರಿಗಿರುವುದೋ ಅವರಿಗೆ ಆ ಪದವಿ ಸಲ್ಲತಕ್ಕದ್ದು.

ಇಲ್ಲಿ ಸ್ವಲ್ಪ ಗಣಿತವನ್ನು ನೋಡೋಣ. ನಮ್ಮ ಲೋಕಸಭೆಗೆ ಆರಿಸಿಬರುವವರು ೫೪೩ ಮಂದಿ. ೨೦೦೩ರ ತಿದ್ದುಪಡಿಯ ಮೇರೆಗೆ ನಮ್ಮಲ್ಲಿ ಮಂತ್ರಿಗಳ ಸಂಖ್ಯೆಯು ಆ ಸಭೆಯ ನೂರಕ್ಕೆ ೧೫ರ ಪಾಲನ್ನು ಮೀರಕೂಡದು. ಅದೇ ಲೆಕ್ಕವನ್ನು ೨೧ಕ್ಕೆ ಹಿಡಿದರೆ ಮೂವರೇ ಮಂತ್ರಿಗಳಾದಾರು. ಮೂವರಿಂದ ಒಂದು ರಾಜ್ಯವು ನಡೆಯುವುದೆಂತು? ಎಂಟು ಹತ್ತು ಮಂದಿಯಾದರೂ ಬೇಕಾಗುವುದು. ಆಗ ಆಳುವ ಪಕ್ಷದಲ್ಲಿ ಮಂತ್ರಿಯಲ್ಲದವರೇ ಅಪರೂಪವಾಗುವರು. ಮಂತ್ರಿಗಳ ಲೆಕ್ಕವನ್ನು ಕೇಳತಕ್ಕ ಸಭೆಯಲ್ಲಿ ಮಂತ್ರಿಗಳೇ ತುಂಬಿಕೊಂಡರೆ ಕೇಳುವವರಾರು, ಹೇಳುವವರಾರು? ಇದರ ಮೇಲೆ, ಊರಿಗೆ ಊರೇ ಪರಸ್ಪರ ಪರಿಚಿತರಾಗಿರುವಲ್ಲಿ ದಾಕ್ಷಿಣ್ಯವೂ ಬಾಯಿ ಕಟ್ಟುವುದು. ಹೀಗೆ ಕಾನೂನಿನಲ್ಲಿ ಬರೆಯದೆಯೇ ಪ್ರಧಾನಮಂತ್ರಿಯ ಬಲವು ಬೆಳೆಯುವುದು.

ಈ ಅಪಾಯವು ಬರಿಯ ಊಹೆಯಲ್ಲ. ಸ್ವಾತಂತ್ರ್ಯ ಬಂದು ಏಳು ತಿಂಗಳು ತುಂಬುವ ಮೊದಲೇ, ಮೊದಲನೆಯ ಪ್ರಧಾನಮಂತ್ರಿ ಪ್ಯಾಟ್ರಿಕ್ ಜಾನರ ಸರಕಾರವು ಪತ್ರಿಕೆಗಳನ್ನೂ ಕಾರ್ಮಿಕ ಸಂಘಗಳನ್ನೂ ಬಿಗಿಯುವ ಮಸೂದೆಗಳನ್ನು ತಂದಿತು. ೧೯೭೯ನೆಯ ಮೇ ೨೯ರಂದು ರಾಜಧಾನಿಯಾದ ರೋಸೋ ನಗರದಲ್ಲಿ ಪ್ರತಿಭಟಿಸಲು ನೆರೆದ ಜನರ ಮೇಲೆ ರಕ್ಷಣಾದಳದವರು ಗುಂಡು ಹಾರಿಸಿದರು. ಒಬ್ಬ ತರುಣನು ಮೃತನಾದನು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ರಾಷ್ಟ್ರಾಧ್ಯಕ್ಷರು ದೇಶವನ್ನೇ ಬಿಟ್ಟು ಹೋದರು. ಆದರೆ ಜನರು ಎದೆಗುಂದಲಿಲ್ಲ. ಮಂತ್ರಿಗಳಲ್ಲಿಯೇ ಕೆಲವರು ಸರಕಾರದ ಕೈಬಿಟ್ಟರು. ಜೂನ್ ತಿಂಗಳಲ್ಲಿ ಆಲಿವರ್ ಸೆರಫಿನರು ತಾತ್ಕಾಲಿಕವಾಗಿ ಪ್ರಧಾನಮಂತ್ರಿಯಾದರು.

ಈ ಕಾಲದಲ್ಲಿ ಎದ್ದು ನಿಂತವರಲ್ಲಿ ಯುಜೀನಿಯಾ ಚಾರ್ಲ್ಸ್ ಎಂಬ ಮಹಿಳೆಯು ಮುಖ್ಯಳು. ೧೯೧೯ರಲ್ಲಿ ಹುಟ್ಟಿದ ಈಕೆಯು ಕಾನ್ವೆಂಟಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿ, ಟೊರಾಂಟೊದಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ, ೧೯೪೯ರಲ್ಲಿ ತನ್ನ ದ್ವೀಪದ ಮೊದಲನೆಯ ಮಹಿಳಾ ವಕೀಲಳಾದಳು. ಸುಮಾರು ಇಪ್ಪತ್ತು ವರುಷ ವಕೀಲಿಯನ್ನೇ ನಡೆಸಿಕೊಂಡಿದ್ದ ಆಕೆಯನ್ನು ರಾಜಕಾರಣಕ್ಕೆ ಎಳೆದದ್ದು ೧೯೬೮ರ ರಾಜದ್ರೋಹದ ಶಾಸನ. ಸರಕಾರವನ್ನು ಟೀಕಿಸುವವರ ಬಾಯಿಗೆ ಬೀಗ ಹಾಕುವ ಆ ಶಾಸನವನ್ನು ವಿರೋಧಿಸಿ ಆಕೆಯೂ ಆಕೆಯ ಮಿತ್ರರೂ ಫ್ರೀಡಂ ಪಕ್ಷವನ್ನು ಕಟ್ಟಿದರು. ೧೯೭೫ರಲ್ಲಿ ಸಭೆಗೆ ಆರಿಸಿಬಂದವರಲ್ಲಿ ಆ ಪಕ್ಷದವರು ಮೂವರೇ. ಆ ಮೂವರ ಮುಖಂಡಳಾಗಿ ಆಕೆ ಐದು ವರುಷ ಪ್ರಶ್ನಿಸುತ್ತ ಬಂದಳು. ೧೯೮೦ನೆಯ ಜುಲೈಯಲ್ಲಿ ಅದೇ ಪಕ್ಷಕ್ಕೆ ೧೭ ಸ್ಥಾನಗಳು ದೊರೆತು ಆಕೆಯು ಪ್ರಧಾನಮಂತ್ರಿಯಾದಳು. ಕೆರಿಬಿಯನ್ ಸ್ವತಂತ್ರ ದೇಶಗಳಲ್ಲಿ ಚುನಾವಣೆಯಿಂದ ಈ ಪದವಿಗೇರಿದ ಸ್ತ್ರೀಯರಲ್ಲಿ ಆಕೆಯೇ ಮೊದಲನೆಯವಳು.

ಆಕೆಯು ಹಣಕಾಸು, ವಿದೇಶ ವ್ಯವಹಾರಗಳ ಖಾತೆಗಳನ್ನೂ ತಾನೇ ಹೊತ್ತಳು. ಚಿಕ್ಕ ದೇಶದಲ್ಲಿ ಹೀಗಾಗುವುದು ಸಹಜ. ೧೯೮೧ರಲ್ಲಿ, ಹಿಂದಿನ ಪ್ರಧಾನಮಂತ್ರಿಯನ್ನು ಮರಳಿ ಕೂಡಿಸಲು ಕೂಲಿಯ ಸೈನಿಕರು ಹೂಡಿದ ಸಂಚು ಬಯಲಾಯಿತು. ಆಕೆಯು ರಕ್ಷಣಾದಳವನ್ನೇ ವಿಸರ್ಜಿಸಿದಳು. ಆರೋಪಿಯಾದ ಪ್ಯಾಟ್ರಿಕ್ ಜಾನರ ವಿಷಯವು ನ್ಯಾಯಾಲಯಕ್ಕೆ ಹೋಯಿತು. ಮೊದಲು ಅವರು ನಿರ್ದೋಷಿಯೆಂದು ಬಿಡುಗಡೆಯಾದರು. ೧೯೮೫ರಲ್ಲಿ ಮರುವಿಚಾರಣೆಯಾದ ಮೇಲೆಯೇ ಶಿಕ್ಷೆಯಾಯಿತು. ಸೇಡನ್ನು ತನ್ನ ಕೈಯಿಂದ ತೀರಿಸದೆ ನ್ಯಾಯಾಧಿಪತಿಗಳ ಕೈಗೆ ಒಪ್ಪಿಸುವುದೇ ಪ್ರಧಾನಮಂತ್ರಿಗೆ ಯೋಗ್ಯವಾದ ನಡತೆ.

ಹಾಗೆಂದು ಆಕೆಯು ಮಾಡಿದ್ದೆಲ್ಲವೂ ಸರಿಯೆನ್ನಲಾಗದು. ೧೯೮೩ನೆಯ ಅಕ್ಟೋಬರಿನಲ್ಲಿ ಅಮೆರಿಕದ ಸೈನ್ಯವು ಗ್ರೆನೇಡಾ ದ್ವೀಪಕ್ಕೆ ನುಗ್ಗಿದಾಗ, ಪೂರ್ವ ಕೆರಿಬಿಯನ್ ರಾಜ್ಯಗಳ ಒಕ್ಕೂಟದ ಅಧ್ಯಕ್ಷಳಾಗಿ ಆಕೆಯು ರೇಗನ್ನರ ಪಕ್ಕದಲ್ಲಿ ನಿಂತು ಅದನ್ನು ಸಮರ್ಥಿಸಿದಳು. ವಿಶ್ವಸಂಸ್ಥೆಯ ಮಹಾಸಭೆಯು ೧೦೮ ಮತಗಳಿಂದ ಆ ಕಾರ್ಯವನ್ನು ಖಂಡಿಸಿತು. ಒಬ್ಬರ ಮಾತೇ ದೇಶದ ಮಾತಾಗುವ ಕಡೆಯಲ್ಲಿ ಆ ಮಾತಿಗೆ ಮನೆಯೊಳಗೇ ವಿಮರ್ಶಕರು ಇರಬೇಕೆಂಬುದಕ್ಕೆ ಇದೊಂದು ಸಾಕ್ಷಿ. ಜನರಾದರೋ ಆಕೆಯನ್ನು ಪ್ರಶ್ನಿಸುವುದನ್ನು ಬಿಡಲಿಲ್ಲ. ೧೯೯೦ರಲ್ಲಿ ಆಕೆಯ ಪಕ್ಷಕ್ಕೆ ೨೧ರಲ್ಲಿ ೧೧ ಸ್ಥಾನಗಳನ್ನಷ್ಟೇ ಕೊಟ್ಟರು. ೧೯೯೫ರಲ್ಲಿ ಆಕೆಯು ಅಧಿಕಾರದಿಂದ ನಿವೃತ್ತಳಾದಳು; ೨೦೦೫ರಲ್ಲಿ ತೀರಿಕೊಂಡಳು.

ಚಿಕ್ಕ ದೇಶಕ್ಕೆ ವಿಪತ್ತು ಬಂದಾಗ ಒಂದೇ ದೃಢವಾದ ಕೈ ಬೇಕು, ವಾದವಿವಾದಕ್ಕೆ ಸಮಯವೆಲ್ಲಿ ಎಂದು ಕೆಲವರು ಹೇಳುವರು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ೧೯೭೯ರ ಡೇವಿಡ್ ಚಂಡಮಾರುತವೂ ೨೦೧೭ರ ಮರಿಯಾ ಚಂಡಮಾರುತವೂ ಆ ದ್ವೀಪವನ್ನು ಧೂಳೀಪಟ ಮಾಡಿದುವು. ಮನೆಯ ಮಾಡೇ ಹಾರಿಹೋದವರಿಗೆ ಬೇಗನೆ ನಿರ್ಣಯಿಸುವ ಸರಕಾರವೇ ಬೇಕು. ಆದರೆ ಬೇಗನೆ ನಿರ್ಣಯಿಸುವುದು ಬೇರೆ, ಯಾರಿಗೂ ಲೆಕ್ಕ ಒಪ್ಪಿಸದಿರುವುದು ಬೇರೆ. ಪರಿಹಾರದ ಹಣವು ಹರಿದುಬರುವ ಕಾಲದಲ್ಲಿಯೇ ಲೆಕ್ಕ ಕೇಳುವವರು ಹೆಚ್ಚು ಬೇಕಲ್ಲವೇ? ೨೦೨೨ನೆಯ ಡಿಸೆಂಬರಿನಲ್ಲಿ, ೨೦೦೪ರಿಂದ ಪ್ರಧಾನಮಂತ್ರಿಯಾಗಿದ್ದ ರೂಸ್‌ವೆಲ್ಟ್ ಸ್ಕೆರಿಟ್ಟರು ಅವಧಿ ತುಂಬುವ ಮೊದಲೇ ಚುನಾವಣೆಯನ್ನು ಕರೆದರು. ಚುನಾವಣೆಯ ಕ್ರಮವು ಇನ್ನೂ ಸುಧಾರಿಸಿಲ್ಲವೆಂದು ಮುಖ್ಯ ವಿರೋಧಪಕ್ಷವು ಕಣಕ್ಕಿಳಿಯಲಿಲ್ಲ. ಆಳುವ ಪಕ್ಷಕ್ಕೆ ೧೯ ಸ್ಥಾನಗಳು ಬಂದುವು. ಉಳಿದವರು ಇಬ್ಬರು ಸ್ವತಂತ್ರರು. ತಪ್ಪು ಯಾರದೇ ಆಗಿರಲಿ, ಎದುರಿನ ಪೀಠಗಳು ಬರಿದಾದ ಸಭೆಯಿಂದ ಪ್ರಜೆಗಳಿಗೆ ಹಿತವಾಗದು.

ಪ್ರಿಯ ಸೋದರಿಯರೇ, ಮಾತಾಪಿತೃಗಳೇ, ಸಮುದ್ರದಾಚೆಯ ಈ ಕಥೆಯು ನಮಗೇಕೆ ಎನ್ನಬೇಡಿರಿ. ನಮ್ಮ ಪಂಚಾಯತಿಯೂ, ಪುರಸಭೆಯೂ, ಸಹಕಾರ ಸಂಘವೂ ಚಿಕ್ಕ ರಾಜ್ಯಗಳೇ ಅಲ್ಲವೇ? ಅಲ್ಲಿಯೂ ಸದಸ್ಯರು ಕೆಲವರೇ. ಅಲ್ಲಿಯೂ ದಾಕ್ಷಿಣ್ಯವು ಹೆಚ್ಚು. ಹುಡುಗಿಯು ಕಾನೂನನ್ನು ಓದುವೆನೆಂದರೆ, ಓದಿ ಏನು ಮಾಡುವಳೆಂದು ತಂದೆತಾಯಿಗಳು ಕೇಳದಿರಲಿ. ಓದು ಮುಗಿಸಿ ಹೋದ ಸೋದರಿಯರು ತಮ್ಮ ಊರಿನ ಆಯವ್ಯಯದ ಪಟ್ಟಿಯನ್ನು ತರಿಸಿ ಓದಲಿ; ಗ್ರಾಮಸಭೆಗೆ ಹೋಗಿ ಕುಳಿತುಕೊಳ್ಳಲಿ; ಸಂದೇಹ ಬಂದಲ್ಲಿ ಎದ್ದುನಿಂತು ವಿನಯದಿಂದ ಕೇಳಲಿ. ಉತ್ತರ ಬಾರದಿದ್ದರೆ ಮುಂದಿನ ಸಭೆಯಲ್ಲಿ ಅದನ್ನೇ ಮತ್ತೊಮ್ಮೆ ಕೇಳಲಿ. ೨೧ ಮಂದಿಯ ಸಭೆಯಲ್ಲಿ ಮೂವರು ಐದು ವರುಷ ಕೇಳುತ್ತ ಬಂದುದು ವ್ಯರ್ಥವಾಗಲಿಲ್ಲ.