ಒರೆಸಿದರೆ ಬ್ಯಾಟರಿ ಉಳಿಯುವುದಿಲ್ಲ

ಹಾಸನದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಒಂದು ಕಾರ್ಯಕ್ರಮ ನಡೆಯುತ್ತಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು, ಮೊದಲು ಕೈಯಲ್ಲಿನ ಸ್ಮಾರ್ಟ್‌ವಾಚಿನಲ್ಲಿ, ಆಮೇಲೆ ಫೋನಿನಲ್ಲಿ, ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಬೆರಳಿಂದ ತಳ್ಳಿ ಮುಚ್ಚುತ್ತಿದ್ದರು. ಕೊನೆಯದೂ ಹೋಗಿ ಪರದೆ ಖಾಲಿಯಾದಾಗ, ಊರಿಗೆ ಹೊರಡುವ ಮುಂಚೆ ಸ್ವಿಚ್ಚುಗಳನ್ನೆಲ್ಲ ಆರಿಸಿ, ಗ್ಯಾಸ್ ಬಂದ್ ಮಾಡಿ, ಬೀಗ ಎಳೆದು ನೋಡಿದವರ ಸಮಾಧಾನ ಅವರ ಮುಖದಲ್ಲಿ ಕಾಣುತ್ತಿತ್ತು. ಇದನ್ನು ಅವರಿಗೆ ಕಲಿಸಿದವಳು ನಾನೇ. "ಅಪ್ಪ, ಇವೆಲ್ಲ ಹಿಂದೆ ಓಡ್ತಾ ಇರ್ತವೆ, ಬ್ಯಾಟರಿ ತಿಂತವೆ. ಮಲಗೋ ಮುಂಚೆ ಎಲ್ಲಾ ಕ್ಲೋಸ್ ಮಾಡಿಬಿಡಿ" ಎಂದು ಬಹಳ ತಿಳಿದವಳ ಹಾಗೆ ಹೇಳಿದ್ದೆ.

ನಾನು ಹೇಳಿದ್ದು ತಪ್ಪು. ನಮ್ಮ ಮನೆಯ ಮಟ್ಟಿಗೆ ಅದು ಅಪಾಯದ ತಪ್ಪೂ ಆಯಿತು. ಅಪ್ಪನಿಗೆ 71 ವರ್ಷ. ಬಿಪಿ ಮಾತ್ರೆ ಬೆಳಗ್ಗೆ ಒಂದು, ರಾತ್ರಿ ಒಂದು. ಬೆಳಗಿನದು ಕಾಫಿಯ ಜತೆ ರೂಢಿಯಾಗಿದೆ, ರಾತ್ರಿಯದು ಮರೆಯುತ್ತಾರೆ. ಅದನ್ನು ನೆನಪಿಸಲಿ ಎಂದೇ ವಾಚು ಕೊಡಿಸಿದ್ದು. ಎಂಟು ಗಂಟೆಗೆ ಮಣಿಕಟ್ಟಿನಲ್ಲಿ ಅದು ಗುರ್ರೆಂದರೆ ಅಪ್ಪ ಎದ್ದು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದು ತಿಂಗಳ ಕೊನೆಗೆ ಅಮ್ಮ ಸ್ಟ್ರಿಪ್ ಹಿಡಿದು ಬಂದು, "ಇದೇನಿದು, ಆರು ಮಾತ್ರೆ ಹಾಗೇ ಉಳಿದಿದೆಯಲ್ಲ" ಎಂದಾಗ ಅಪ್ಪ ಪ್ರಾಮಾಣಿಕವಾಗಿಯೇ ಉತ್ತರಿಸಿದರು: "ವಾಚು ಹೇಳಲೇ ಇಲ್ಲವಲ್ಲ!"

ವಾಚು ಏಕೆ ಹೇಳಲಿಲ್ಲ? ಮಾತ್ರೆ ನೆನಪಿಸುವ ಆ್ಯಪ್ ಇದ್ದದ್ದು ಫೋನಿನಲ್ಲಿ. ಅದರ ಕರೆಯನ್ನು ವಾಚಿಗೆ ಮುಟ್ಟಿಸುವ ಇನ್ನೊಂದು ಆ್ಯಪ್ ಇದ್ದದ್ದೂ ಅಲ್ಲೇ. ಕೆಲವು ಕಂಪನಿಗಳ ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪನ್ನು ಹಾಗೆ ತಳ್ಳಿದರೆ ಅದು ಬರೀ ಪಟ್ಟಿಯಿಂದ ಮರೆಯಾಗುವುದಿಲ್ಲ. ಅದರ ಕೆಲಸವೇ ನಿಂತುಹೋಗಿ, ನಾವಾಗಿ ಮತ್ತೆ ತೆರೆಯುವ ತನಕ ಅಲಾರಮ್ಮೂ ಹೊಡೆಯುವುದಿಲ್ಲ. ಅಪ್ಪನ ಫೋನು ಆ ಜಾತಿಯದು. ಹಳೆಯ ಫೋನು ಇದ್ದಷ್ಟು ದಿನ ಗೊತ್ತಾಗದ ಈ ತೊಂದರೆ ಹೊಸ ಫೋನು ಬಂದ ತಿಂಗಳೇ ಕಾಣಿಸಿಕೊಂಡಿತು. ನನ್ನ ಬುದ್ಧಿವಾದವನ್ನು ಚಾಚೂತಪ್ಪದೆ ಪಾಲಿಸಿದ ರಾತ್ರಿಗಳ ಮರುದಿನ ಅವರಿಗೆ ಮಾತ್ರೆಯ ನೆನಪು ಬರಲಿಲ್ಲ. ಬ್ಯಾಟರಿಯಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ವಾಚು ಎಂದಿನಂತೆ ಸಂಜೆಗೆ ಸುಸ್ತಾಗುತ್ತಿತ್ತು.

ಅಲ್ಲಿಂದ ನನಗೆ ಈ ಒರೆಸುವ ಅಭ್ಯಾಸದ ಮೇಲೆ ಸಿಟ್ಟು ಬಂದಿದೆ. ಇದು ನನ್ನೊಬ್ಬಳ ಅಪ್ಪನ ಕಥೆಯಲ್ಲ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ ನೋಡಿ, ಜನ ಮಾತಾಡುತ್ತಾ ಮಾತಾಡುತ್ತಾ ಪರದೆ ಒರೆಸುತ್ತಿರುತ್ತಾರೆ. ರಿಪೇರಿ ಅಂಗಡಿಗೆ ಹೋದರೆ, "ಅಂಕಲ್, ಇಷ್ಟೊಂದು ಆ್ಯಪ್ ಓಪನ್ ಇಟ್ಕೊಂಡ್ರೆ ಬ್ಯಾಟರಿ ಎಲ್ಲಿ ನಿಲ್ಲುತ್ತೆ?" ಎಂದು ಹುಡುಗ ಗದರಿಸುತ್ತಾನೆ. ಅಂಕಲ್ ತಪ್ಪು ಮಾಡಿದವರಂತೆ ತಲೆ ಕೆಳಗೆ ಹಾಕುತ್ತಾರೆ. ಈ ಗದರಿಕೆಗೆ ಆಧಾರವಿಲ್ಲ ಎನ್ನುವುದು ನನ್ನ ತಕರಾರು.

ತಪ್ಪು ಶುರುವಾಗುವುದು ಒಂದು ಹೋಲಿಕೆಯಿಂದ. ತೆರೆದಿಟ್ಟ ಆ್ಯಪ್ ಎಂದರೆ ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ಬಲ್ಬು ಎಂದು ನಾವು ಭಾವಿಸಿದ್ದೇವೆ. ಲೋಡ್ ಶೆಡ್ಡಿಂಗ್ ನೋಡಿ ಬೆಳೆದ ಮನೆಗಳಲ್ಲಿ ಇದಕ್ಕಿಂತ ಸಹಜವಾದ ಹೋಲಿಕೆ ಇಲ್ಲ. ಆದರೆ ಯಂತ್ರದೊಳಗೆ ನಡೆಯುವುದು ಬೇರೆ. ನೀವು ಒಂದು ಆ್ಯಪ್‌ನಿಂದ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ವ್ಯವಸ್ಥೆ ಅದನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ. ಪ್ರೊಸೆಸರ್ ಅದಕ್ಕಾಗಿ ಕೆಲಸ ಮಾಡುವುದಿಲ್ಲ. ಅದು ಬಿಟ್ಟುಹೋದ ಸ್ಥಿತಿ ಮಾತ್ರ ಮೆಮೊರಿಯಲ್ಲಿ ಇರುತ್ತದೆ. ಓದುತ್ತಿದ್ದ ಪುಸ್ತಕಕ್ಕೆ ಗುರುತಿನ ಚೀಟಿ ಇಟ್ಟು ಮೇಜಿನ ಮೇಲಿಟ್ಟ ಹಾಗೆ. ಮೇಜಿನ ಮೇಲೆ ಮಲಗಿದ ಪುಸ್ತಕಕ್ಕೆ ಕರೆಂಟು ಬೇಕಿಲ್ಲ.

"ಮೆಮೊರಿ ತುಂಬಿದರೆ ಬ್ಯಾಟರಿ ಹೆಚ್ಚು ಹೋಗುವುದಿಲ್ಲವೇ?" ಎಂದು ಕೇಳುತ್ತಾರೆ. ಇಲ್ಲ. ಮೆಮೊರಿ ಚಿಪ್ಪು ಖಾಲಿಯಿದ್ದರೂ ತುಂಬಿದ್ದರೂ ಅದನ್ನು ಎಚ್ಚರವಾಗಿಡಲು ಬೇಕಾಗುವ ವಿದ್ಯುತ್ತು ಹೆಚ್ಚುಕಮ್ಮಿ ಅಷ್ಟೇ. ಜಾಗ ಸಾಲದಾದಾಗ ಹಳೆಯ ಆ್ಯಪ್‌ಗಳನ್ನು ತೆಗೆದುಹಾಕುವ ಕೆಲಸವನ್ನು ವ್ಯವಸ್ಥೆ ತಾನೇ ಮಾಡಿಕೊಳ್ಳುತ್ತದೆ. ಆದರೆ ನಾವು ಒರೆಸಿ ಹಾಕಿದ ಆ್ಯಪನ್ನು ಹತ್ತು ನಿಮಿಷದ ನಂತರ ಮತ್ತೆ ತೆರೆದರೆ ಎಲ್ಲ ಮೊದಲಿನಿಂದ ಶುರು: ಸಂಗ್ರಹದಿಂದ ಎತ್ತಿ ತರಬೇಕು, ಮೆಮೊರಿಯಲ್ಲಿ ಕೂರಿಸಬೇಕು, ನೆಟ್‌ವರ್ಕ್‌ಗೆ ಹೋಗಿ ಮಾಹಿತಿ ತರಬೇಕು. ಓದುತ್ತಿದ್ದ ಪುಸ್ತಕವನ್ನು ಪ್ರತಿಸಲ ಅಟ್ಟಕ್ಕೆ ಏರಿಸಿ ಮತ್ತೆ ಏಣಿ ಹಾಕಿ ಇಳಿಸಿದ ಹಾಗೆ. ಖರ್ಚು ಇರುವುದು ಆ ಏಣಿಯಲ್ಲಿ.

ಇದು ನನ್ನ ಸ್ವಂತ ಸಂಶೋಧನೆಯಲ್ಲ. 2016ರ ಮಾರ್ಚ್‌ನಲ್ಲಿ ಬಳಕೆದಾರರೊಬ್ಬರು ಆ್ಯಪಲ್ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಅವರಿಗೆ ಮೇಲ್ ಬರೆದು, ನೀವು ಪದೇಪದೇ ಆ್ಯಪ್‌ಗಳನ್ನು ಮುಚ್ಚುತ್ತೀರಾ, ಬ್ಯಾಟರಿಗಾಗಿ ಹಾಗೆ ಮಾಡುವುದು ಅಗತ್ಯವೇ ಎಂದು ಕೇಳಿದ್ದರು. ಉತ್ತರ ಬಂದದ್ದು ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ ಕ್ರೇಗ್ ಫೆಡರಿಗಿಯವರಿಂದ. ಎರಡು ಪ್ರಶ್ನೆಗೂ ಒಂದೇ ಉತ್ತರ, ಇಲ್ಲ. ಅದೇ ದಿನಗಳಲ್ಲಿ ಆಂಡ್ರಾಯ್ಡ್ ನೋಡಿಕೊಳ್ಳುತ್ತಿದ್ದ ಹಿರೋಶಿ ಲಾಕ್‌ಹೈಮರ್ ಕೂಡ ಅದಕ್ಕೆ ದನಿಗೂಡಿಸಿ, ಹಾಗೆ ಮುಚ್ಚುವುದರಿಂದ ಪರಿಸ್ಥಿತಿ ಸ್ವಲ್ಪ ಕೆಡಲೂಬಹುದು ಎಂದರು. ಎಲ್ಲದರಲ್ಲೂ ಪೈಪೋಟಿಗೆ ಬಿದ್ದ ಎರಡು ಕಡೆಯವರು ಒಪ್ಪಿಕೊಂಡ ಅಪರೂಪದ ಮಾತಿದು. ಅದನ್ನು ನಾವು ಇವತ್ತಿಗೂ ಕಿವಿಗೆ ಹಾಕಿಕೊಂಡಿಲ್ಲ.

ವಾಚಿನ ವಿಷಯದಲ್ಲಂತೂ ಒರೆಸುವಿಕೆಗೆ ಇನ್ನೂ ಕಡಿಮೆ ಅರ್ಥ. ಇವತ್ತಿನ ಫೋನಿನ ಬ್ಯಾಟರಿ ಸುಮಾರು 5000 ಎಂಎಎಚ್ ಇದ್ದರೆ, ಬಹಳಷ್ಟು ಸ್ಮಾರ್ಟ್‌ವಾಚುಗಳದು 300ರ ಆಸುಪಾಸು. ಅಷ್ಟು ಸಣ್ಣ ಕೊಡದ ನೀರನ್ನು ಕಾಯಬೇಕಾದ್ದರಿಂದ ವಾಚಿನ ವ್ಯವಸ್ಥೆ ಫೋನಿನದಕ್ಕಿಂತ ಹೆಚ್ಚು ಜಿಪುಣ. ಹಿನ್ನೆಲೆಯಲ್ಲಿ ಎಚ್ಚರವಾಗಲು ಆ್ಯಪ್‌ಗಳಿಗೆ ಅದು ಅಳೆದೂ ಸುರಿದೂ ಅವಕಾಶ ಕೊಡುತ್ತದೆ. ನಾವು ಬೆರಳು ಹಾಕುವ ಹೊತ್ತಿಗೆ ಅದು ತನ್ನ ಉಳಿತಾಯ ಮಾಡಿ ಮುಗಿಸಿರುತ್ತದೆ.

ಹಾಗಾದರೆ ಚಾರ್ಜು ಹೋಗುವುದೆಲ್ಲಿಗೆ? ತಯಾರಕರು ತಾವೇ ಬ್ಯಾಟರಿ ಉಳಿಸಲು ಹೊರಟಾಗ ಏನನ್ನು ಆರಿಸುತ್ತಾರೆ ಎಂದು ನೋಡಿದರೆ ಸಾಕು. 2022ರಲ್ಲಿ ಬಂದ ವಾಚ್ಓಎಸ್ 9ರಲ್ಲಿ ಆ್ಯಪಲ್ ವಾಚಿಗೆ ಲೋ ಪವರ್ ಮೋಡ್ ಕೊಟ್ಟರು. ಆ ವರ್ಷದ ಸೀರೀಸ್ 8 ವಾಚಿನಲ್ಲಿ ಕಂಪನಿ ಹೇಳುವ 18 ಗಂಟೆ ಇದರಿಂದ 36 ಗಂಟೆಯವರೆಗೆ ಹಿಗ್ಗುತ್ತದೆ ಎಂದರು. ಆ ಮೋಡ್ ಮಾಡುವುದೇನು? ಸದಾ ಬೆಳಗುವ ಪರದೆಯನ್ನು ಆರಿಸುತ್ತದೆ. ಹಿನ್ನೆಲೆಯಲ್ಲಿ ಎದೆಬಡಿತ ಮತ್ತು ರಕ್ತದ ಆಮ್ಲಜನಕ ಅಳೆಯುವುದನ್ನು ನಿಲ್ಲಿಸುತ್ತದೆ. ಫೋನು ಹತ್ತಿರವಿಲ್ಲದಾಗ ವೈಫೈ, ಮೊಬೈಲ್ ನೆಟ್‌ವರ್ಕ್ ಸಂಪರ್ಕ ಕಡಿಯುತ್ತದೆ. ಆ್ಯಪ್‌ಗಳು ಹಿನ್ನೆಲೆಯಲ್ಲಿ ಹೊಸ ಮಾಹಿತಿ ತರುವುದನ್ನು ಕಡಿಮೆ ಮಾಡುತ್ತದೆ. ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿಯನ್ನು ಒರೆಸುವುದು ಇದರಲ್ಲಿ ಎಲ್ಲೂ ಇಲ್ಲ. ಅದರಿಂದ ಒಂದು ಗಂಟೆ ಹೆಚ್ಚು ಸಿಗುವಂತಿದ್ದರೂ ಅವರು ಅದನ್ನು ಬಿಡುತ್ತಿದ್ದರೇ?

ಅಂದರೆ ತಿನ್ನುವುದು ಪರದೆ, ಚರ್ಮಕ್ಕೆ ಬೆಳಕು ಹಾಯಿಸಿ ನಾಡಿ ಅಳೆಯುವ ಹಸಿರು ದೀಪ, ಜಿಪಿಎಸ್, ಸಿಮ್ ಇರುವ ವಾಚಾದರೆ ಅದರ ನೆಟ್‌ವರ್ಕು. ಇವುಗಳನ್ನು ಹಿಡಿತದಲ್ಲಿಡಲು ಸೆಟ್ಟಿಂಗ್ಸ್‌ಗೆ ಹೋಗಬೇಕು, ಯಾವುದು ನನಗೆ ಬೇಕು ಯಾವುದು ಬೇಡ ಎಂದು ಯೋಚಿಸಬೇಕು. ಒರೆಸುವುದಕ್ಕೆ ಯೋಚನೆ ಬೇಕಿಲ್ಲ. ಅದಕ್ಕೇ ಅದು ಇಷ್ಟು ಜನಪ್ರಿಯ.

ಇನ್ನು ಎದುರಾಳಿಗಳ ಮಾತಿಗೆ ಬರೋಣ. ನನ್ನ ಸಹೋದ್ಯೋಗಿಯೊಬ್ಬರು, "ನೀವೇನೇ ಹೇಳಿ, ನಾನು ಮಾಡಿ ನೋಡಿದ್ದೇನೆ, ವ್ಯತ್ಯಾಸ ಇದೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತು. ಆದರೆ ಒಂದು ದಿನ ಎರಡು ಕಾಲ್ ಬರುತ್ತವೆ, ಇನ್ನೊಂದು ದಿನ ಇಪ್ಪತ್ತು. ಒಂದು ದಿನ ಬಿಸಿಲಲ್ಲಿ ಓಡಾಡಿ ಪರದೆ ಪ್ರಖರವಾಗಿ ಉರಿದಿರುತ್ತದೆ, ಮರುದಿನ ಪೂರ್ತಿ ಮನೆಯಲ್ಲೇ. ಈ ಏರುಪೇರಿನಲ್ಲಿ ಒಳ್ಳೆಯ ದಿನದ ಶ್ರೇಯಸ್ಸನ್ನು ನಾವು ನಮ್ಮ ಬೆರಳಿಗೆ ಕೊಟ್ಟುಕೊಳ್ಳುತ್ತೇವೆ. ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲಿ ಇದಕ್ಕೆ ನಿಯಂತ್ರಣದ ಭ್ರಮೆ ಎಂಬ ಹೆಸರಿಟ್ಟರು. ಅವರ ಒಂದು ಪ್ರಯೋಗದಲ್ಲಿ ಲಾಟರಿ ಚೀಟಿಯನ್ನು ತಾವೇ ಆರಿಸಿಕೊಂಡವರು ಅದನ್ನು ಮಾರಲು, ಯಾರೋ ಕೈಗಿಟ್ಟ ಚೀಟಿ ಪಡೆದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಲೆ ಕೇಳಿದರು. ಗೆಲ್ಲುವ ಸಾಧ್ಯತೆ ಇಬ್ಬರಿಗೂ ಒಂದೇ. ನಂಬದವರು ಒಂದು ವಾರ ಒರೆಸಿ, ಒಂದು ವಾರ ಒರೆಸದೆ, ದಿನಾ ಮಲಗುವಾಗ ಉಳಿದ ಶೇಕಡಾ ಎಷ್ಟೆಂದು ಚೀಟಿಯಲ್ಲಿ ಬರೆದಿಡಿ. ಚೀಟಿಗೆ ಮುಲಾಜಿಲ್ಲ.

ಎದುರಾಳಿಗಳ ಒಂದು ಮಾತು ಮಾತ್ರ ನಿಜ. ನಿಜವಾಗಿಯೂ ಹಿಂದೆ ಕೆಲಸ ಮಾಡುವ ಆ್ಯಪ್‌ಗಳಿವೆ. ವಾಕಿಂಗ್ ಮುಗಿಸಿ ಬಂದ ಮೇಲೂ ವಾಚಿನಲ್ಲಿ ವಾಕಿಂಗ್ ನಿಲ್ಲಿಸಲು ಮರೆತರೆ, ನೀವು ಕಾಫಿ ಕುಡಿಯುತ್ತಿರುವಾಗಲೂ ಅದು ನಾಡಿ ಎಣಿಸುತ್ತಾ, ಜಿಪಿಎಸ್ ಹಿಡಿಯುತ್ತಾ ಇರುತ್ತದೆ. ದಾರಿ ತೋರಿಸುವ ನಕ್ಷೆಯೂ ಹಾಗೆಯೇ. ಅಂಥದ್ದನ್ನು ನಿಲ್ಲಿಸಲೇಬೇಕು. ಅದಕ್ಕೂ ಸರಿಯಾದ ದಾರಿ ಆ ಕೆಲಸವನ್ನು 'ಎಂಡ್' ಒತ್ತಿ ಮುಗಿಸುವುದು. ಇನ್ನು ಯಾವುದೋ ಆ್ಯಪ್ ಸಿಕ್ಕಿಹಾಕಿಕೊಂಡು ಅಲುಗಾಡದಿದ್ದರೆ ಮುಚ್ಚಿ, ತಪ್ಪಿಲ್ಲ. ಆ ಸೌಲಭ್ಯ ಇರುವುದೇ ಅದಕ್ಕೆ. ಮನೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆ ಎಂದು ದಿನಾ ರಾತ್ರಿ ಒಲೆಗೆ ಅದನ್ನು ಹೊಡೆಯುತ್ತೇವೆಯೇ?

"ಹೋಗಲಿ ಬಿಡಿ, ಒರೆಸಿದರೆ ನಷ್ಟವೇನು? ಮನಸ್ಸಿಗೆ ನೆಮ್ಮದಿ ತಾನೇ?" ಎನ್ನುವವರಿಗೆ ನಾನು ಅಮ್ಮ ಹಿಡಿದು ತಂದ ಆ ಆರು ಮಾತ್ರೆ ತೋರಿಸುತ್ತೇನೆ. ಇನ್ನೊಂದು ನಷ್ಟವೂ ಇದೆ. ಬ್ಯಾಟರಿ ನಿಲ್ಲದಿದ್ದರೆ ಅದು ನಿಮ್ಮದೇ ಅಶಿಸ್ತು ಎಂದು ಈ ನಂಬಿಕೆ ಹೇಳುತ್ತದೆ. ಲಿಥಿಯಂ ಬ್ಯಾಟರಿ ಬಳಸುತ್ತಾ ಹೋದಂತೆ ಸವೆಯುತ್ತದೆ, ಬಿಸಿಯಲ್ಲಿ ಇನ್ನೂ ಬೇಗ ಸವೆಯುತ್ತದೆ. ಅದನ್ನು ಅಂಟು ಹಾಕಿ ಮುಚ್ಚಿದ ಡಬ್ಬಿಯೊಳಗೆ ಇಟ್ಟವರು ನಾವಲ್ಲ. ಎರಡು ಮೂರು ವರ್ಷಕ್ಕೆ ವಾಚು ಅರ್ಧ ದಿನಕ್ಕೇ ಮಲಗಿದಾಗ, ಇದರ ಬ್ಯಾಟರಿ ಬದಲಾಯಿಸುವುದು ಇಷ್ಟು ಕಷ್ಟ ಏಕೆ ಎಂದು ಕೇಳಬೇಕಾದವರು, ನಿನ್ನೆ ಆ್ಯಪ್ ಮುಚ್ಚಲು ಮರೆತೆನಲ್ಲ ಎಂದು ಪೇಚಾಡುತ್ತಾ ಕೂರುತ್ತೇವೆ. ಮಾರುವವರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಬೇಕೇ?

ಅಪ್ಪನ ಬೀರುವಿನಲ್ಲಿ ಹಳೆಯ ಎಚ್ಎಂಟಿ ಜನತಾ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ಶುರುಮಾಡಿದ ಎಚ್ಎಂಟಿಯ ಕೀ ಕೊಡುವ ವಾಚು. ಕೆಲಸದಲ್ಲಿದ್ದಷ್ಟು ಕಾಲ ದಿನಾ ಬೆಳಗ್ಗೆ ಅದಕ್ಕೆ ಕೀ ಕೊಡುತ್ತಿದ್ದರು. ಹಾಗೆ ತಿರುಗಿಸಿದಾಗ ಒಳಗಿನ ಸ್ಪ್ರಿಂಗು ನಿಜವಾಗಿ ಬಿಗಿಯಾಗುತ್ತಿತ್ತು, ಆ ಬಿಗಿಯಿಂದಲೇ ಮುಳ್ಳು ಓಡುತ್ತಿತ್ತು. ದಿನಾ ವಾಚಿನ ಯೋಗಕ್ಷೇಮ ವಿಚಾರಿಸುವ ಅಭ್ಯಾಸ ಅವರಿಗೆ ಹಾಗೆ ಬಂದದ್ದು. ಅದು ಒಳ್ಳೆಯ ಅಭ್ಯಾಸವೇ. ಅದನ್ನು ಕೆಲಸಕ್ಕೆ ಬಾರದ ಕಡೆಗೆ ತಿರುಗಿಸಿದವಳು ನಾನು. ಹಿರಿಯರಿಗೆ ಯಂತ್ರ ಹೇಳಿಕೊಡುವಾಗ ನಾವು ನಮ್ಮ ಅರೆಬರೆ ತಿಳಿವಳಿಕೆಯನ್ನೂ ಅದೇ ಗತ್ತಿನಿಂದ ಹೇಳುತ್ತೇವೆ. ಅವರು ನಮ್ಮನ್ನು ನಂಬುತ್ತಾರೆ, ನಮಗಿಂತ ಶ್ರದ್ಧೆಯಿಂದ ಪಾಲಿಸುತ್ತಾರೆ.

ಕಳೆದ ಸಲ ಊರಿಗೆ ಹೋದಾಗ ಅಪ್ಪನ ಜತೆ ಕೂತು ಸರಿಮಾಡಿದೆ. ಸದಾ ಬೆಳಗುವ ಪರದೆ ಆರಿಸಿದೆವು, ಬೆಳಕು ತಗ್ಗಿಸಿದೆವು. ನಾಡಿ ಅಳೆಯುವುದನ್ನು ಹಾಗೇ ಬಿಟ್ಟೆವು, ಅದು ಅವರಿಗೆ ಬೇಕು. ಮಾತ್ರೆಯ ಆ್ಯಪನ್ನೂ ವಾಚಿನ ಆ್ಯಪನ್ನೂ ನಿಲ್ಲಿಸಬಾರದೆಂದು ಫೋನಿನ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಗುರುತು ಹಾಕಿದೆವು. ಬೆಳಗ್ಗೆ ಸ್ನಾನ ತಿಂಡಿ ಮುಗಿಯುವವರೆಗೆ ವಾಚು ಚಾರ್ಜಿಗೆ. ಈಗ ಅದು ರಾತ್ರಿಯವರೆಗೆ ಆರಾಮಾಗಿ ಬರುತ್ತದೆ, ಎಂಟಕ್ಕೆ ಗುರ್ರೆನ್ನುತ್ತದೆ. ಬಲ್ಬಿನ ಕಥೆ, ಪುಸ್ತಕದ ಕಥೆ ಎಲ್ಲ ಹೇಳಿದೆ. ಅಪ್ಪ ತಾಳ್ಮೆಯಿಂದ ಕೇಳಿದರು.

ಅವತ್ತು ರಾತ್ರಿ ಊಟವಾದ ಮೇಲೆ ನೋಡಿದರೆ ಕನ್ನಡಕ ಏರಿಸಿಕೊಂಡು ಮತ್ತೆ ಒರೆಸುತ್ತಾ ಕೂತಿದ್ದಾರೆ. "ಅಪ್ಪ!" ಎಂದೆ. ತಲೆ ಎತ್ತದೆ ಹೇಳಿದರು: "ಮಾತ್ರೇದು, ವಾಚಿಂದು ಎರಡೂ ಮುಟ್ಟಿಲ್ಲ ಕಣೇ ಪುಟ್ಟಿ. ಮಿಕ್ಕಿದ್ದು ಮುಚ್ಚದೇ ಇದ್ರೆ ನಂಗೆ ನಿದ್ದೆ ಬರಲ್ಲ."