ಬೆರಳಿಗೆ ಕಾಣುವ ರೇಖೆ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿಯ ದಡಕ್ಕೆ ಬಂದ ಮಕ್ಕಳಿಗೆ ಒದ್ದೆ ಮರಳು ಕಂಡರೆ ಬೆರಳು ಸುಮ್ಮನಿರುವುದಿಲ್ಲ, ಗೆರೆ ಎಳೆಯತೊಡಗುತ್ತದೆ. ಆ ಗೆರೆಯನ್ನು ಕಣ್ಣುಳ್ಳವನು ನೋಡಿ ತಿಳಿಯುತ್ತಾನೆ, ಕಣ್ಣಿಲ್ಲದವನು ಮುಟ್ಟಿ ತಿಳಿಯುತ್ತಾನೆ. ಮರಳು ಇಬ್ಬರಲ್ಲಿ ಭೇದವೆಣಿಸದು. ಹಿಂದಿನ ಕೂಲಿಮಠಗಳಲ್ಲಿ ಅಕ್ಷರಾಭ್ಯಾಸವೂ ಮರಳಿನ ಮೇಲೆಯೇ ನಡೆಯುತ್ತಿತ್ತು. ಕರಿಹಲಗೆ, ಕಾಗದಗಳು ಬಂದ ಮೇಲೆ ರೇಖೆಯು ಬೆರಳಿನಿಂದ ದೂರ ಸರಿದು ಕಣ್ಣಿಗಷ್ಟೇ ಮೀಸಲಾಯಿತು. ಅಂಧ ವಿದ್ಯಾರ್ಥಿಯು ಚಿತ್ರದಿಂದ ಹೊರಗುಳಿದನು.

ಅಕ್ಷರದ ವಿಷಯದಲ್ಲಿ ಈ ಅನ್ಯಾಯ ಬಹುಮಟ್ಟಿಗೆ ಪರಿಹಾರವಾಗಿದೆ. ಲೂಯಿ ಬ್ರೈಲ್ 1829ರಲ್ಲಿ ತನ್ನ ಚುಕ್ಕಿಲಿಪಿಯನ್ನು ಪ್ರಕಟಿಸಿದನು. ಮೈಸೂರಿನಲ್ಲಿ 1901ರಲ್ಲಿಯೇ ಮೂಕ-ಅಂಧರ ಶಾಲೆ ಆರಂಭವಾಯಿತು. 1951ರಲ್ಲಿ ಭಾರತೀ ಬ್ರೈಲ್ ಏಕರೂಪ ಪಡೆದ ಮೇಲೆ ಕನ್ನಡಕ್ಕೂ ಆ ಲಿಪಿ ಸುಗಮವಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಗಾನಯೋಗಿ ಪಂಚಾಕ್ಷರ ಗವಾಯಿಗಳೂ ಪಂಡಿತ ಪುಟ್ಟರಾಜ ಗವಾಯಿಗಳೂ, ತಾವೇ ಅಂಧರಾಗಿದ್ದು, ಅನೇಕ ಅಂಧರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ಹೀಗೆ ಸ್ವರ ದೊರೆಯಿತು, ಅಕ್ಷರ ದೊರೆಯಿತು. ರೇಖೆಯೊಂದು ಮಾತ್ರ ದೊರೆಯದೆ ಉಳಿಯಿತು.

ಪರೀಕ್ಷೆಗಳಲ್ಲಿ ಅಂಧ ವಿದ್ಯಾರ್ಥಿಗೆ ಚಿತ್ರ ಬರೆಯುವ ಪ್ರಶ್ನೆಯಿಂದ ವಿನಾಯಿತಿ ನೀಡುವ ರೂಢಿಯುಂಟು. ಇದು ದಯೆಯೇ ಸರಿ. ಆದರೆ ದಯೆಯ ಹೆಸರಿನಲ್ಲಿ ಮುಚ್ಚಿದ ಬಾಗಿಲೂ ಬಾಗಿಲೇ. ತ್ರಿಕೋನವನ್ನು ಎಳೆಯದವನಿಗೆ ರೇಖಾಗಣಿತವಿಲ್ಲ, ಭೂಪಟವನ್ನು ಅರಿಯದವನಿಗೆ ಭೂಗೋಳವಿಲ್ಲ. ಇವಿಲ್ಲದವನಿಗೆ ವಿಜ್ಞಾನದ ದಾರಿಯೂ ದುರ್ಗಮ.

ಇದಕ್ಕೆ ಬೇಕಾದ ಸಾಧನ ದುಬಾರಿಯಲ್ಲ. ಹಲಗೆಯ ಮೇಲೆ ರಬ್ಬರಿನ ಹಾಳೆ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಕೈಯಲ್ಲೊಂದು ಬಾಲ್‌ಪೆನ್ನು, ಇಷ್ಟೇ. ಒತ್ತಿ ಎಳೆದೊಡನೆ ಗೆರೆ ಉಬ್ಬಿ ನಿಲ್ಲುತ್ತದೆ. ಬ್ರೈಲ್ ಹಲಗೆಯಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಕಾಗದವನ್ನು ಮಗುಚಿ ಓದಬೇಕು. ಇಲ್ಲಿ ಬಲಗೈ ಎಳೆದುದನ್ನು ಎಡಗೈ ಆಗಲೇ ಓದುತ್ತದೆ. ತಪ್ಪು ತತ್‌ಕ್ಷಣ ತಿಳಿಯುತ್ತದೆ. ತಿದ್ದಿಕೊಳ್ಳಲು ಪರರ ಕಣ್ಣು ಬೇಕಿಲ್ಲ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಮಾಡುವ ಹಲ್ಲಿನ ಚಕ್ರ, ಗುಂಡುಸೂಜಿ, ದಾರ ಇವೂ ಉಪಯುಕ್ತವೇ. ಮಂದದೃಷ್ಟಿಯವರಿಗಾದರೆ ದಪ್ಪ ಕಪ್ಪು ಗೆರೆಯೂ ಒಳ್ಳೆಯ ಬೆಳಕೂ ಅನೇಕ ವೇಳೆ ಸಾಕಾಗುತ್ತವೆ.

ಕಾಣದವನಿಗೆ ಚಿತ್ರವೇಕೆ ಎಂದು ಕೇಳುವವರಿದ್ದಾರೆ. ತುರ್ಕಿಯ ಈಷ್ರೆಫ್ ಅರ್ಮಗಾನ್ ಹುಟ್ಟುಕುರುಡನಾಗಿಯೂ ಚಿತ್ರಕಾರನೆಂದು ಹೆಸರಾದವನು. ಟೊರಾಂಟೊ ವಿಶ್ವವಿದ್ಯಾನಿಲಯದ ಜಾನ್ ಕೆನಡಿ ಅಂಧರು ಬಿಡಿಸಿದ ರೇಖಾಚಿತ್ರಗಳನ್ನು ದೀರ್ಘಕಾಲ ಪರಿಶೀಲಿಸಿ 1993ರಲ್ಲಿ ಗ್ರಂಥವನ್ನೇ ರಚಿಸಿದರು. ವಸ್ತುವಿನ ಅಂಚು ಕಣ್ಣಿಗೆ ಮಾತ್ರವಲ್ಲ, ಕೈಗೂ ಗೋಚರವೆಂಬುದೇ ಇದರ ಮರ್ಮ. ಆದರೆ ಒಂದು ಎಚ್ಚರಿಕೆ ಅಗತ್ಯ. ಕಣ್ಣು ಒಮ್ಮೆಗೇ ಇಡಿಯನ್ನು ಗ್ರಹಿಸುತ್ತದೆ. ಬೆರಳು ಬಿಡಿಬಿಡಿಯಾಗಿ ಮುಟ್ಟಿ ಇಡಿಯನ್ನು ಕಟ್ಟಿಕೊಳ್ಳುತ್ತದೆ. ಪುಸ್ತಕದ ಚಿತ್ರವನ್ನು ಇದ್ದಂತೆಯೇ ಉಬ್ಬಿಸಿಕೊಟ್ಟರೆ ಗೆರೆಗಳ ಗೋಜಲು ಮಾತ್ರ ಕೈಗೆ ಸಿಕ್ಕೀತು. ಬೇಡದ್ದನ್ನು ಬಿಟ್ಟು ಬೇಕಾದುದನ್ನು ಉಳಿಸುವ ವಿವೇಕ ಶಿಕ್ಷಕನದಾಗಬೇಕು.

ಮುತ್ತತ್ತಿಯ ಆಂಜನೇಯನು ಸೀತೆಯ ಮೂಗುತಿಯ ಮುತ್ತನ್ನು ಕಾವೇರಿಯ ಮಡುವಿನಿಂದ ಬಾಲದಿಂದಲೇ ತಡಕಿ ತೆಗೆದನೆಂಬುದು ಸ್ಥಳಪುರಾಣ. ಕಾಣದ ನೀರಿನ ಆಳದಲ್ಲಿ ಅವನಿಗೆ ಒದಗಿದುದು ಸ್ಪರ್ಶವೇ. ಈ ಕಥೆಯನ್ನು ಕೇಳಿದ ಅಂಧ ಬಾಲಕನು ಆ ನದಿಯ ಜಾಡನ್ನೂ ಮುಟ್ಟಿ ಅರಿಯಬೇಡವೆ? ಶಿವನಸಮುದ್ರದಲ್ಲಿ ಧುಮುಕಿ, ಶಿಂಷೆಯನ್ನು ಕೂಡಿಕೊಂಡು, ಮುತ್ತತ್ತಿಯನ್ನು ಹಾದು, ಸಂಗಮದಲ್ಲಿ ಅರ್ಕಾವತಿಯನ್ನು ಬರಮಾಡಿಕೊಂಡು, ಮೇಕೆದಾಟಿನಲ್ಲಿ ಇರುಕಾಗುವ ಕಾವೇರಿಯನ್ನು ಒಂದೇ ಉಬ್ಬುಗೆರೆಯಲ್ಲಿ ತೋರಿಸಬಹುದು. ಅನಂತರ ಅದನ್ನು ಅವನೇ ಎಳೆಯಬೇಕು; ಎಳೆದಾಗಲೇ ನದಿ ಅವನದಾಗುವುದು.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಹದಿನೆಂಟು ವಯಸ್ಸಿನವರೆಗೆ ಇಂತಹ ವಿದ್ಯಾರ್ಥಿಗಳಿಗೆ ಪುಸ್ತಕ ಹಾಗೂ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದು ವಿಧಿಸಿದೆ. ಶಾಸನವಿದೆಯೆಂದು ಸಮಾಜ ಕೈಕಟ್ಟಿ ಕೂಡುವುದು ತರವಲ್ಲ. ದಾನಿಗಳು ಕಟ್ಟಡಕ್ಕೆ ಕಲ್ಲು ಕೊಡುವಂತೆಯೇ ಇಂತಹ ಹಲಗೆಗಳನ್ನೂ ಕೊಡಲಿ. ಹಳೆಯ ವಿದ್ಯಾರ್ಥಿಗಳು ಬಿಡುವಿನಲ್ಲಿ ಉಬ್ಬುಪಟಗಳನ್ನು ಸಿದ್ಧಪಡಿಸಿಕೊಡಲಿ. ಶಿಕ್ಷಕರು ವಿನಾಯಿತಿಯ ಚೀಟಿಗೆ ಬದಲಾಗಿ ಆ ಮಗುವಿನ ಕೈಗೆ ಲೇಖನಿಯನ್ನು ಕೊಡಲಿ. ದಾನಗಳಲ್ಲಿ ವಿದ್ಯಾದಾನವು ಶ್ರೇಷ್ಠವೆಂದು ಹೇಳುವ ನಾಡಿನಲ್ಲಿ, ಒಂದು ಗೆರೆಯಷ್ಟು ವಿದ್ಯೆಯೂ ಯಾರ ಪಾಲಿಗೂ ಕೊರತೆಯಾಗಬಾರದು.